ಮಗುವಿನಿಂದ ಕಡತಕ್ಕೆ: ಒಂದು ಪದವಿ ನಡೆದು ಬಂದ ದಾರಿ

ಊರು ಬಿಟ್ಟು ಓಡಿಬಂದ ಹತ್ತು ವರ್ಷದ ಹುಡುಗನೊಬ್ಬ ರೈಲು ನಿಲ್ದಾಣದಲ್ಲಿ ಸಿಕ್ಕಿದ ಎಂದಿಟ್ಟುಕೊಳ್ಳೋಣ. ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಗುತ್ತದೆ. ಸಮಿತಿಯ ಆದೇಶದಂತೆ ಅವನು ಬಾಲಮಂದಿರಕ್ಕೆ ಬರುತ್ತಾನೆ. ಅವನ ಮನೆ ಎಲ್ಲಿ, ತಂದೆ ತಾಯಿ ಯಾರು, ಓಡಿಬರಲು ಕಾರಣವೇನು ಎಂಬುದನ್ನೆಲ್ಲ ವಿಚಾರಿಸಿ 15 ದಿನಗಳೊಳಗೆ ಸಾಮಾಜಿಕ ತನಿಖೆ ಮುಗಿಯಬೇಕು ಎಂದು ಕಾನೂನು ಹೇಳುತ್ತದೆ. ಆ ವರದಿಯನ್ನು ಬರೆಯುವವರು ಸಾಮಾನ್ಯವಾಗಿ ಸಮಾಜಕಾರ್ಯದಲ್ಲಿ ಪದವಿ ಪಡೆದವರು.

ಆದರೆ ಅದೇ ಹುಡುಗ ನಡುರಾತ್ರಿ ಎದ್ದು ಅತ್ತರೆ ಬಳಿಗೆ ಬರುವವರು ಬೇರೆಯವರು. ಗೃಹಮಾತೆ, ಪಾಲಕ, ರಾತ್ರಿ ಕಾವಲಿನವನು, ಕೆಲವೊಮ್ಮೆ ಅಡುಗೆಯವಳು. ಇವರಿಗೆ ಆ ಪದವಿ ಇರುವುದು ಅಪರೂಪ. ಸಂಬಳವೂ ಸಂಸ್ಥೆಯಲ್ಲಿ ಎಲ್ಲರಿಗಿಂತ ಕಡಿಮೆಯ ಸಾಲಿನದು. ಮಗುವಿಗೆ ಹತ್ತಿರವಾದಷ್ಟೂ ಓದು ಮತ್ತು ವೇತನ ಇಳಿಯುತ್ತವೆ. ದೂರ ಸರಿದಷ್ಟೂ ಏರುತ್ತವೆ.

ಇದು ಯಾರೋ ಒಬ್ಬರ ಉಪೇಕ್ಷೆಯಿಂದ ಆದದ್ದಲ್ಲ. ಮಕ್ಕಳ ಪಾಲನೆಗೆ ಪದವೀಧರರು ಬೇಕು ಎಂಬ ಮಾತು ನಮ್ಮ ದೇಶದಲ್ಲಿ ಹುಟ್ಟಿ ನೂರು ವರ್ಷಗಳಾಗುತ್ತ ಬಂದಿವೆ. ಆ ಪದವಿ ಹೇಗೆ ಬಂತು, ಪದವಿ ಪಡೆದವರು ಎಲ್ಲಿ ಹೋದರು, ಮತ್ತೆ ಹೇಗೆ ಮರಳಿದರು ಎಂಬುದು ಒಂದು ಕುತೂಹಲದ ಇತಿಹಾಸ. ಇಂದು ಬಾಲಮಂದಿರದಲ್ಲಿರುವ ಮಗುವಿನ ರಾತ್ರಿ ಹೇಗೆ ಕಳೆಯುತ್ತದೆ ಎಂಬುದಕ್ಕೂ ಆ ಇತಿಹಾಸಕ್ಕೂ ನೇರವಾದ ಸಂಬಂಧವಿದೆ.

ಜೈಲಿನ ಬಾಗಿಲಲ್ಲಿ ಆರಂಭ

ಭಾರತದಲ್ಲಿ ಅನಾಥ ಮಕ್ಕಳ ಪಾಲನೆ ಹಿಂದಿನಿಂದಲೂ ಬಂಧುಬಳಗದ, ಮಠಮಾನ್ಯಗಳ, ಧರ್ಮಛತ್ರಗಳ, ನಂತರದ ದಿನಗಳಲ್ಲಿ ಮಿಷನರಿಗಳ ಕೆಲಸವಾಗಿತ್ತು. ಸರ್ಕಾರ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಕರುಣೆಯ ಬಾಗಿಲಿನಿಂದಲ್ಲ, ಶಿಕ್ಷೆಯ ಬಾಗಿಲಿನಿಂದ. 1850ರ ಅಪ್ರೆಂಟಿಸ್ ಕಾಯ್ದೆಯು 10ರಿಂದ 18 ವರ್ಷದೊಳಗಿನ ಬಡ ಹಾಗೂ ಅನಾಥ ಮಕ್ಕಳನ್ನು ಕಸುಬು ಕಲಿಯಲು ಯಜಮಾನರ ಬಳಿ ಒಪ್ಪಿಸುವುದಕ್ಕೆ ಅವಕಾಶ ಮಾಡಿತು. ಸಣ್ಣಪುಟ್ಟ ಅಪರಾಧ ಮಾಡಿದ ಮಕ್ಕಳಿಗೂ ಇದೇ ದಾರಿ. 1857ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಾಸೂನ್ ಅವರ ಹೆಸರಿನ ಕೈಗಾರಿಕಾ ಸುಧಾರಣಾ ಶಾಲೆ ನೆಲೆಗೊಂಡಿತು. 1876ರಲ್ಲಿ ಬಂದು 1897ರಲ್ಲಿ ಪರಿಷ್ಕೃತವಾದ ಸುಧಾರಣಾ ಶಾಲೆಗಳ ಕಾಯ್ದೆಯ ಪ್ರಕಾರ 15 ವರ್ಷದೊಳಗಿನ ಬಾಲಾಪರಾಧಿ ಹುಡುಗರನ್ನು ಜೈಲಿಗೆ ಬದಲು ಮೂರರಿಂದ ಏಳು ವರ್ಷ ಇಂಥ ಶಾಲೆಗಳಲ್ಲಿ ಇಡಬಹುದಾಗಿತ್ತು.

ಈ ಶಾಲೆಗಳಿಗೆ ಬೇಕಾಗಿದ್ದದ್ದು ಬಡಗಿ ಮೇಸ್ತ್ರಿ, ನೇಯ್ಗೆಯ ಶಿಕ್ಷಕ, ಕಾವಲುಗಾರ ಮತ್ತು ಒಬ್ಬ ಸೂಪರಿಂಟೆಂಡೆಂಟ್. ಮಗುವಿನ ಮನಸ್ಸನ್ನು ಅರಿಯಬಲ್ಲವರು ಬೇಕು ಎಂಬ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ. ಹುಡುಗ ಯಾಕೆ ಕದ್ದ ಎಂದು ಕೇಳುವುದಕ್ಕಿಂತ ಅವನ ಕೈಗೆ ಉಳಿ ಕೊಡುವುದು ಸುಲಭವಾಗಿತ್ತು.

ಬದಲಾವಣೆಯ ಗಾಳಿ ಬೀಸಿದ್ದು 1919-20ರ ಭಾರತೀಯ ಜೈಲು ಸಮಿತಿಯ ವರದಿಯಿಂದ. ಮಕ್ಕಳು ಜೈಲಿನಲ್ಲಿ ಇರಬಾರದು, ಅವರ ವಿಚಾರಣೆಗೆ ಪ್ರತ್ಯೇಕ ನ್ಯಾಯಾಲಯ ಇರಬೇಕು ಎಂದು ಸಮಿತಿ ಹೇಳಿತು. 1920ರಲ್ಲಿ ಮದರಾಸು, 1922ರಲ್ಲಿ ಬಂಗಾಳ, 1924ರಲ್ಲಿ ಮುಂಬಯಿ ಪ್ರಾಂತಗಳು ಮಕ್ಕಳ ಕಾಯ್ದೆಗಳನ್ನು ತಂದವು. ಅಂದು ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳೂ ಮುಂಬಯಿಗೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳೂ ಹೀಗೆ ಬೇರೆ ಬೇರೆ ಕಾಯ್ದೆಗಳ ಸೀಮೆಗೆ ಸೇರಿದವು. ಆದರೆ ಕಾಯ್ದೆ ಇರುವುದು ಬೇರೆ, ಜಾರಿಯಾಗುವುದು ಬೇರೆ. ಮೊದಲ ವರ್ಷಗಳಲ್ಲಿ ಅವುಗಳ ಪರಿಣಾಮ ಕಂಡದ್ದು ದೊಡ್ಡ ನಗರಗಳಲ್ಲಿ ಮಾತ್ರ. 1927ರಲ್ಲಿ ಮುಂಬಯಿಯಲ್ಲಿ ಮಕ್ಕಳ ನೆರವಿನ ಸೊಸೈಟಿ ಸ್ಥಾಪನೆಯಾಯಿತು. ಬಾಲ ನ್ಯಾಯಾಲಯ ಮತ್ತು ರಿಮ್ಯಾಂಡ್ ಹೋಮ್ ಕೆಲಸ ಆರಂಭಿಸಿದವು.

ಹೊಸ ಕಾನೂನು ಹೊಸ ಮನುಷ್ಯನೊಬ್ಬನನ್ನು ಬೇಡುತ್ತಿತ್ತು. ಅವನೇ ಪ್ರೊಬೇಷನ್ ಅಧಿಕಾರಿ, ಅಂದರೆ ಪರಿವೀಕ್ಷಣಾಧಿಕಾರಿ. ಹುಡುಗನ ಮನೆಗೆ ಹೋಗಬೇಕು, ನೆರೆಹೊರೆಯವರನ್ನು ಮಾತನಾಡಿಸಬೇಕು, ಶಾಲೆ ಬಿಟ್ಟದ್ದೇಕೆಂದು ತಿಳಿಯಬೇಕು, ನ್ಯಾಯಾಧೀಶರಿಗೆ ವರದಿ ಕೊಡಬೇಕು. ಬಿಡುಗಡೆಯಾದ ಮೇಲೂ ಅವನ ಬೆನ್ನ ಹಿಂದಿರಬೇಕು. ಇದು ಪೊಲೀಸನ ಕೆಲಸವಲ್ಲ, ವಕೀಲನ ಕೆಲಸವಲ್ಲ, ಮೇಷ್ಟರ ಕೆಲಸವೂ ಅಲ್ಲ. ಹಾಗಾದರೆ ಇದನ್ನು ಕಲಿಸುವ ಶಾಲೆ ಎಲ್ಲಿ?

ನಾಗಪಾಡದ ಶಾಲೆ

ಉತ್ತರ ಬಂದದ್ದು ಮುಂಬಯಿಯ ಒಂದು ಕಿಕ್ಕಿರಿದ ಕಾರ್ಮಿಕ ವಸತಿಯಿಂದ. ಚಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿದ ಅಮೆರಿಕನ್ ಪಾದ್ರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ 1925ರಲ್ಲಿ ಮುಂಬಯಿಗೆ ಬಂದವರು. ನಾಗಪಾಡದಲ್ಲಿ ಅವರು ನಡೆಸಿದ 'ನೈಬರ್‌ಹುಡ್ ಹೌಸ್' ಕೇಂದ್ರದಲ್ಲಿ ಓದುವ ಕೋಣೆ, ಆಟ, ಆರೋಗ್ಯ ಕೇಂದ್ರ, ಸಾರ್ವಜನಿಕ ಚರ್ಚೆ ಎಲ್ಲವೂ ಇದ್ದವು. ಒಳ್ಳೆಯ ಮನಸ್ಸಿನ ಸ್ವಯಂಸೇವಕರಿಗೆ ಕೊರತೆ ಇಲ್ಲ, ತರಬೇತಿ ಪಡೆದ ಕೆಲಸಗಾರರಿಗೆ ಕೊರತೆ ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. 1932ರಲ್ಲಿ ಸ್ಥಾಪನೆಯಾದ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ಸಹಾಯದಿಂದ 1936ರಲ್ಲಿ 'ಸರ್ ದೊರಾಬ್ಜಿ ಟಾಟಾ ಗ್ರ್ಯಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್' ಆರಂಭವಾಯಿತು. ಮ್ಯಾನ್ಶಾರ್ಟ್ ಅದರ ಮೊದಲ ನಿರ್ದೇಶಕರು. 1944ರಲ್ಲಿ ಇದರ ಹೆಸರು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಬದಲಾಯಿತು.

ಹೆಸರಿನಲ್ಲಿದ್ದ 'ಗ್ರ್ಯಾಜುಯೇಟ್' ಎಂಬ ಮಾತು ಗಮನಾರ್ಹ. ಆಗಲೇ ಒಂದು ಪದವಿ ಪಡೆದವರು ಮತ್ತೆ ಎರಡು ವರ್ಷ ಇಲ್ಲಿ ಓದಬೇಕಾಗಿತ್ತು. ಅಂದಿನ ಸಮಾಜಕ್ಕೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅನಾಥರ ಸೇವೆ ಪುಣ್ಯದ ಕೆಲಸ, ಅದಕ್ಕೆ ಪರೀಕ್ಷೆ ಬರೆಯುವುದೇನು, ಸಂಬಳ ಪಡೆಯುವುದೇನು? ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ 'ಸೇವೆ' ಎಂಬ ಶಬ್ದಕ್ಕೆ ತ್ಯಾಗದ ಬಣ್ಣ ಗಾಢವಾಗಿತ್ತು. ಸಂಬಳ ಪಡೆಯುವ ಸಮಾಜಸೇವಕ ಎಂಬ ಕಲ್ಪನೆ ಆ ಬಣ್ಣಕ್ಕೆ ಹೊಂದುತ್ತಿರಲಿಲ್ಲ. ಈ ಮುಜುಗರ ಇಂದಿಗೂ ಪೂರ್ತಿ ಹೋಗಿಲ್ಲ. ಮಕ್ಕಳ ಕೆಲಸ ಮಾಡುವವರು ಹೆಚ್ಚು ವೇತನ ಕೇಳಿದಾಗಲೆಲ್ಲ 'ಇದು ಸೇವೆಯಲ್ಲವೇ' ಎಂಬ ಉತ್ತರ ಕೇಳಿಬರುತ್ತದೆ.

ಹೊಸ ಶಾಲೆಗೂ ಮಕ್ಕಳಿಗೂ ಮೊದಲ ದಿನಗಳಿಂದಲೇ ನಂಟು ಇತ್ತು. 1937ರಲ್ಲಿ ಶಾಲೆ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದನ್ನು ತೆರೆಯಿತು. ದೇಶದಲ್ಲಿ ಆ ಬಗೆಯದು ಅದೇ ಮೊದಲು ಎಂದು ಪ್ರಸಿದ್ಧ. ಇಂಥ ಚಿಕಿತ್ಸಾಲಯದಲ್ಲಿ ಮನೋವೈದ್ಯ, ಮನಶ್ಶಾಸ್ತ್ರಜ್ಞ ಮತ್ತು ಸಮಾಜಕಾರ್ಯಕರ್ತ ಮೂವರೂ ಸೇರಿ ಒಂದು ಮಗುವನ್ನು ಅರ್ಥಮಾಡಿಕೊಳ್ಳಲು ಪ್ರಯತ್ನಿಸುತ್ತಾರೆ. ಶಾಲೆ ತಪ್ಪಿಸುವ, ಕದಿಯುವ, ಹಾಸಿಗೆಯಲ್ಲಿ ಮೂತ್ರ ಮಾಡುವ, ಮಾತೇ ಆಡದ ಮಗು ಕೆಟ್ಟದ್ದಲ್ಲ, ಅದರ ನಡತೆಗೆ ಕಾರಣವಿದೆ ಎಂಬುದು ಇದರ ಹಿಂದಿನ ತತ್ತ್ವ. ಉಳಿ ಕೊಟ್ಟು ಸುಧಾರಿಸುವ ಕಾಲದಿಂದ ಇದು ಬಹುದೂರದ ಮಾತು.

ಕಾರ್ಖಾನೆಯ ಸೆಳೆತ

ಇಷ್ಟಾದ ಮೇಲೆ ಪದವೀಧರರು ಬಾಲ ನ್ಯಾಯಾಲಯ, ರಿಮ್ಯಾಂಡ್ ಹೋಮ್, ಅನಾಥಾಲಯಗಳಿಗೆ ಹರಿದು ಬರಬೇಕಾಗಿತ್ತು. ಆದರೆ ನಡೆದದ್ದೇ ಬೇರೆ.

1931ರಲ್ಲಿ ವರದಿ ಸಲ್ಲಿಸಿದ ರಾಯಲ್ ಕಾರ್ಮಿಕ ಆಯೋಗವು ಗಿರಣಿಗಳಲ್ಲಿ ಕಾರ್ಮಿಕ ಅಧಿಕಾರಿಗಳು ಇರಬೇಕೆಂದು ಸಲಹೆ ಮಾಡಿತ್ತು. ಕೂಲಿಗಳ ನೇಮಕ ಮೇಸ್ತ್ರಿಗಳ ಕೈಯಲ್ಲಿದ್ದು, ಅದರಲ್ಲಿ ಲಂಚ ಹೇರಳವಾಗಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ ಅಂಗೀಕಾರವಾದ 1948ರ ಕಾರ್ಖಾನೆಗಳ ಕಾಯ್ದೆ ಇದನ್ನು ಕಡ್ಡಾಯ ಮಾಡಿತು. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಪ್ರತಿ ಕಾರ್ಖಾನೆಯಲ್ಲೂ ಕಲ್ಯಾಣಾಧಿಕಾರಿ ಇರಲೇಬೇಕು; ಅವರ ವಿದ್ಯಾರ್ಹತೆ, ಕರ್ತವ್ಯ, ಸೇವಾ ನಿಯಮಗಳನ್ನು ಸರ್ಕಾರ ಗೊತ್ತುಪಡಿಸಬಹುದು ಎಂದು ಅದರ 49ನೆಯ ಕಲಂ ಹೇಳಿತು. 1951ರ ತೋಟ ಕಾರ್ಮಿಕರ ಕಾಯ್ದೆ 300 ಕಾರ್ಮಿಕರಿರುವ ಕಾಫಿ, ಚಹಾ, ರಬ್ಬರ್ ತೋಟಗಳಿಗೂ ಇದನ್ನು ವಿಸ್ತರಿಸಿತು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಒಂದು ಕಡೆ ಕಾನೂನು ಕಡ್ಡಾಯ ಮಾಡಿದ, ಅರ್ಹತೆ ನಿಗದಿಯಾದ, ಕಾರ್ಖಾನೆ ಸಂಬಳ ಕೊಡುವ ಹುದ್ದೆ. ಇನ್ನೊಂದು ಕಡೆ ಕೆಲವೇ ನಗರಗಳಲ್ಲಿ ಜಾರಿಯಲ್ಲಿದ್ದ ಮಕ್ಕಳ ಕಾಯ್ದೆ, ದಾನಿಗಳ ಕೃಪೆಯಿಂದ ನಡೆಯುವ ಅನಾಥಾಲಯ. ಸಮಾಜಕಾರ್ಯ ಓದಿದ ಯುವಕ ಸಂಸಾರ ಹೂಡಬೇಕಾದಾಗ ಯಾವುದನ್ನು ಆರಿಸಿಕೊಂಡಾನು? ಕಾರ್ಮಿಕ ಕಲ್ಯಾಣ ಮತ್ತು ಸಿಬ್ಬಂದಿ ನಿರ್ವಹಣೆ ದೀರ್ಘ ಕಾಲ ಸಮಾಜಕಾರ್ಯ ಶಾಲೆಗಳಲ್ಲಿ ಅತಿ ಹೆಚ್ಚು ಬೇಡಿಕೆಯ ವಿಶೇಷ ವಿಷಯವಾಯಿತು. ಕೊನೆಗೆ ಅದು ತಾಯಿ ಮನೆ ಬಿಟ್ಟು ಮಾನವ ಸಂಪನ್ಮೂಲ ಎಂಬ ಬೇರೆಯೇ ಶಾಸ್ತ್ರವಾಗಿ ಬೆಳೆಯಿತು.

ಕರ್ನಾಟಕದಲ್ಲೂ ಇದೇ ಕಥೆ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಹಿಂದೆ ಒಂದು ದೊಡ್ಡ ಉದ್ಯಮಗಳು ಬಂದವು. ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳಿದ್ದವು. ಕಾರ್ಮಿಕರ ಸಂಖ್ಯೆ ನಿಗದಿತ ಮಿತಿ ದಾಟಿದಲ್ಲೆಲ್ಲ ಕಲ್ಯಾಣಾಧಿಕಾರಿ ಬೇಕಾಗುತ್ತಿತ್ತು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ಆರಂಭವಾಯಿತು. ಮುಂದೆ ರಾಜ್ಯದ ವಿಶ್ವವಿದ್ಯಾಲಯಗಳೂ ಈ ವಿಷಯವನ್ನು ಕಲಿಸತೊಡಗಿದವು. ಬಾಲಮಂದಿರಕ್ಕೆ ಹೋಗಬಯಸುವವರೂ ಕಾರ್ಖಾನೆಗೆ ಹೋಗಬಯಸುವವರೂ ಒಂದೇ ತರಗತಿಯಲ್ಲಿ ಕೂತು ಪಾಠ ಕೇಳುತ್ತಿದ್ದರು. ಪದವಿ ಪತ್ರ ಒಂದೇ, ಮುಂದಿನ ಬದುಕು ಬೇರೆ ಬೇರೆ.

ಮಗುವಿನ ಹತ್ತಿರ ಉಳಿದವರಿಗೆ ಒಂದು ಗೌರವದ ದಾರಿ ತೆರೆದದ್ದು ಆಸ್ಪತ್ರೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ ಒಂದು ಪ್ರತ್ಯೇಕ ವಿಭಾಗವಾಗಿ ಬೆಳೆಯಿತು. ಮನೋವೈದ್ಯರ ಪಕ್ಕದಲ್ಲಿ ಕೂತು ಮಗುವಿನ ಮನೆಯ ಕಥೆಯನ್ನು ಕೇಳುವ ಈ ಪದವೀಧರರಿಗೆ ಆಸ್ಪತ್ರೆಯಲ್ಲಿ ಒಂದು ಸ್ಥಾನ ದೊರೆಯಿತು. ಆದರೆ ಇಂಥ ಸ್ಥಾನಗಳು ದೇಶದ ಮಕ್ಕಳ ಸಂಖ್ಯೆಗೆ ಹೋಲಿಸಿದರೆ ಬೆರಳೆಣಿಕೆಯವು.

ಅಂಗನವಾಡಿಯ ಮೆಟ್ಟಿಲು

ಪದವೀಧರರಿಗೆ ಎರಡನೆಯ ದಾರಿ ಗೃಹವಿಜ್ಞಾನದಿಂದ ಬಂತು. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ ಆರಂಭವಾದದ್ದು. ಸ್ವಾತಂತ್ರ್ಯಾನಂತರ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿ ಹಂಸಾ ಮೆಹ್ತಾ ಅವರ ಕಾಲದಲ್ಲಿ ಗೃಹವಿಜ್ಞಾನಕ್ಕೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಭದ್ರ ನೆಲೆ ಸಿಕ್ಕಿತು. ಶಿಶು ವಿಕಾಸ ಅದರ ಒಂದು ಅಂಗ. ಮಗು ಯಾವ ವಯಸ್ಸಿಗೆ ಏನು ಕಲಿಯುತ್ತದೆ, ಆಟ ಯಾಕೆ ಬೇಕು, ಪೌಷ್ಟಿಕತೆಗೂ ಬುದ್ಧಿಗೂ ಏನು ನಂಟು ಎಂಬುದನ್ನು ಹೆಣ್ಣುಮಕ್ಕಳು ಇಲ್ಲಿ ಶಾಸ್ತ್ರೀಯವಾಗಿ ಓದಿದರು. ಮುಂದೆ ಕರ್ನಾಟಕದಲ್ಲಿ ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜಿನಂಥ ಸಂಸ್ಥೆಗಳೂ ಇದೇ ಸಾಲಿಗೆ ಸೇರಿದವು.

1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ರಚನೆಯಾಯಿತು. ಹಳ್ಳಿಗಳಲ್ಲಿ ಬಾಲವಾಡಿಗಳು ಹುಟ್ಟಿಕೊಂಡವು. ಅಲ್ಲಿಗೆ ಪದವೀಧರರನ್ನು ಕಳಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಬಾಲಸೇವಿಕೆ ಎಂಬ, ಅಲ್ಪಾವಧಿ ತರಬೇತಿ ಪಡೆದ ಕಾರ್ಯಕರ್ತೆ ಬಂದಳು. ಈ ಏರ್ಪಾಟು ದೇಶವ್ಯಾಪಿಯಾದದ್ದು 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ. ಮೊದಲು ಆರಿಸಿದ 33 ಯೋಜನಾ ಕ್ಷೇತ್ರಗಳಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು.

ಯೋಜನೆಯ ಕಟ್ಟಡವನ್ನು ನೋಡಿದರೆ ಅದೊಂದು ಏಣಿಯಂತೆ ಕಾಣುತ್ತದೆ. ಬುಡದಲ್ಲಿ ಅಂಗನವಾಡಿ ಸಹಾಯಕಿ, ಅವಳ ಮೇಲೆ ಕಾರ್ಯಕರ್ತೆ, ಆಮೇಲೆ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಸಮಾಜಕಾರ್ಯ, ಗೃಹವಿಜ್ಞಾನ ಓದಿದ ಎಷ್ಟೋ ಪದವೀಧರೆಯರಿಗೆ ಮೇಲಿನ ಎರಡು ಮೆಟ್ಟಿಲುಗಳು ಸರ್ಕಾರಿ ನೌಕರಿಯ ಹೆಬ್ಬಾಗಿಲಾದವು. ಕೆಳಗಿನ ಎರಡು ಮೆಟ್ಟಿಲುಗಳು ನೌಕರಿಯೇ ಅಲ್ಲ. 1975ರಲ್ಲಿ ಕಾರ್ಯಕರ್ತೆಗೆ ಮೆಟ್ರಿಕ್ ಆಗಿದ್ದರೆ ತಿಂಗಳಿಗೆ 150 ರೂಪಾಯಿ, ಆಗದಿದ್ದರೆ 100 ರೂಪಾಯಿ. ಅದಕ್ಕೆ ಸಂಬಳ ಎಂಬ ಹೆಸರಿರಲಿಲ್ಲ, ಗೌರವಧನ ಎಂದು ಕರೆದರು. 2018ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಲೆಕ್ಕದ ಗೌರವಧನ 3,000ದಿಂದ 4,500 ರೂಪಾಯಿಗೆ ಏರಿತು. ರಾಜ್ಯಗಳು ತಮ್ಮ ಪಾಲನ್ನು ಬೇರೆಯಾಗಿ ಸೇರಿಸುತ್ತವೆ.

ಹೆಸರಿನ ಈ ವ್ಯತ್ಯಾಸ ಬರಿಯ ಶಬ್ದದ ಆಟವಲ್ಲ. 2006ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರಲ್ಲ ಎಂದು ತೀರ್ಪಿತ್ತಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಅವರು ಗ್ರಾಚ್ಯುಯಿಟಿಗೆ ಅರ್ಹರು ಎಂದು ಹೇಳಿತು. ಒಂದು ಪೀಳಿಗೆಯ ಮಕ್ಕಳನ್ನು ಎತ್ತಿ ಆಡಿಸಿದ ಕೈಗೆ ತಾನು ನೌಕರಳೋ ಅಲ್ಲವೋ ಎಂಬುದು ತಿಳಿಯಲು ಇಷ್ಟು ದೂರ ಅಲೆಯಬೇಕಾಯಿತು. ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಒಂದು ಪಾಲನ್ನು ಅನುಭವಿ ಕಾರ್ಯಕರ್ತೆಯರಿಗೆ ಮೀಸಲಿಡುವ ಪದ್ಧತಿ ಬಂದದ್ದು ನಿಜ. ಆದರೆ ಆ ಮೆಟ್ಟಿಲು ಹತ್ತಿದವಳ ಕೈಯಲ್ಲಿ ಮಗುವಿನ ಬದಲು ರಿಜಿಸ್ಟರು ಇರುತ್ತದೆ.

ನ್ಯಾಯಾಲಯ ಸೃಷ್ಟಿಸಿದ ಕೆಲಸಗಳು

1980ರ ದಶಕದಲ್ಲಿ ಪದವೀಧರರನ್ನು ಮತ್ತೆ ಮಕ್ಕಳ ಕಡೆಗೆ ಎಳೆದು ತಂದದ್ದು ಮುಖ್ಯವಾಗಿ ನ್ಯಾಯಾಲಯಗಳು. 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿದೇಶಿಯರು ಭಾರತೀಯ ಮಕ್ಕಳನ್ನು ದತ್ತು ಪಡೆಯುವುದಕ್ಕೆ ನಿಯಮಗಳನ್ನು ರೂಪಿಸಿತು. ಮಗುವಿನ ಬಗ್ಗೆ ಅಧ್ಯಯನ ವರದಿ, ದತ್ತು ಪಡೆಯುವ ಮನೆಯ ಬಗ್ಗೆ ಅಧ್ಯಯನ ವರದಿ ಇಲ್ಲದೆ ಮಗು ಗಡಿ ದಾಟುವಂತಿಲ್ಲ ಎಂದಾಯಿತು. ವರದಿ ಬರೆಯಲು ತರಬೇತಿ ಪಡೆದವರು ಬೇಕಾದರು. 1986ರಲ್ಲಿ ಪತ್ರಕರ್ತೆ ಶೀಲಾ ಬಾರ್ಸೆ ಹೂಡಿದ ಪ್ರಕರಣದಲ್ಲಿ, ಜೈಲುಗಳಲ್ಲಿ ಮಕ್ಕಳನ್ನು ಇಡಬಾರದೆಂದು ನ್ಯಾಯಾಲಯ ಖಡಾಖಂಡಿತವಾಗಿ ಹೇಳಿತು. 1920ರಲ್ಲಿ ಜೈಲು ಸಮಿತಿ ಹೇಳಿದ ಮಾತನ್ನೇ 66 ವರ್ಷಗಳ ನಂತರ ಮತ್ತೆ ಹೇಳಬೇಕಾಯಿತು ಎಂಬುದನ್ನು ಮರೆಯಬಾರದು.

ಅದೇ ವರ್ಷ ದೇಶಕ್ಕೆಲ್ಲ ಅನ್ವಯವಾಗುವ ಬಾಲ ನ್ಯಾಯ ಕಾಯ್ದೆ ಬಂದು, 1964ರ ನಮ್ಮ ರಾಜ್ಯದ ಮಕ್ಕಳ ಕಾಯ್ದೆಯಂಥ ಪ್ರಾಂತೀಯ ಕಾಯ್ದೆಗಳ ಸ್ಥಾನವನ್ನು ಆಕ್ರಮಿಸಿತು. 1992ರ ಡಿಸೆಂಬರ್‌ನಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. 'ಕಲ್ಯಾಣ' ಎಂಬ ಶಬ್ದದ ಜಾಗಕ್ಕೆ 'ಹಕ್ಕು' ಎಂಬ ಶಬ್ದ ಬಂತು. ಕಲ್ಯಾಣ ಮಾಡುವುದು ಕೊಡುವವರ ಇಷ್ಟ, ಹಕ್ಕು ಕೊಡಲೇಬೇಕಾದದ್ದು. ಕೊಡದಿದ್ದರೆ ಯಾರು ಹೊಣೆ ಎಂಬ ಪ್ರಶ್ನೆ ಏಳುತ್ತದೆ, ಹೊಣೆ ಹೊರಲು ಹುದ್ದೆಗಳು ಬೇಕಾಗುತ್ತವೆ.

ಈ ನಡುವೆ, 1936ರಲ್ಲಿ ಹುಟ್ಟಿದ ಅದೇ ಟಾಟಾ ಸಂಸ್ಥೆಯಿಂದ ಒಂದು ಹೊಸ ಪ್ರಯೋಗ ಹೊರಟಿತು. 1996ರಲ್ಲಿ ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ ಮುಂಬಯಿಯಲ್ಲಿ 1098 ಸಂಖ್ಯೆಯ ಚೈಲ್ಡ್‌ಲೈನ್ ಆರಂಭವಾಯಿತು. ಬೀದಿಯ ಮಕ್ಕಳೇ ಆ ಸಂಖ್ಯೆಗೆ ಹಿಂದಿಯಲ್ಲಿ 'ದಸ್ ನೌ ಆಠ್' ಎಂಬ ಬಾಯಿಪಾಠದ ರೂಪ ಕೊಟ್ಟರು. ಯಾವ ಹೊತ್ತಿಗೆ ಕರೆ ಬಂದರೂ ಮಗು ಇರುವಲ್ಲಿಗೆ ಯಾರಾದರೂ ಹೋಗಬೇಕು ಎಂಬುದು ಅದರ ಮೂಲ ನಿಯಮ. ಪದವೀಧರ ಮೇಜಿನ ಹಿಂದಿನಿಂದ ಎದ್ದು ರಾತ್ರಿ ಬೀದಿಗಿಳಿದ ಅಪರೂಪದ ಸಂದರ್ಭ ಇದು. ಅದು ಮುಂದೆ ದೇಶದ ನಾನಾ ನಗರಗಳಿಗೆ ಸ್ವಯಂಸೇವಾ ಸಂಸ್ಥೆಗಳ ಜಾಲವಾಗಿ ಹಬ್ಬಿತು. 2023ರಲ್ಲಿ ಈ ಸೇವೆಯನ್ನು ಸರ್ಕಾರಗಳೇ ವಹಿಸಿಕೊಂಡು 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಿಸಲು ಆರಂಭಿಸಿದವು.

2000ದ ಬಾಲ ನ್ಯಾಯ ಕಾಯ್ದೆ ಹುಡುಗ ಹುಡುಗಿಯರಿಬ್ಬರಿಗೂ 18 ವರ್ಷದ ಮಿತಿಯನ್ನು ಇಟ್ಟಿತು. ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜಕಾರ್ಯಕರ್ತರನ್ನು ಕೂರಿಸಿತು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ನ್ಯಾಯಪೀಠದಲ್ಲಿ ಸಮಾಜಕಾರ್ಯಕ್ಕೆ ಸಿಕ್ಕ ಈ ಸ್ಥಾನ ಸಣ್ಣದಲ್ಲ. 2009ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಬಂದು ಜಿಲ್ಲೆ ಜಿಲ್ಲೆಗಳಲ್ಲಿ ಮಕ್ಕಳ ರಕ್ಷಣಾ ಘಟಕಗಳು ಹುಟ್ಟಿದವು. ರಕ್ಷಣಾಧಿಕಾರಿ, ಆಪ್ತಸಮಾಲೋಚಕ, ಸಮಾಜಕಾರ್ಯಕರ್ತ, ಕ್ಷೇತ್ರ ಕಾರ್ಯಕರ್ತ ಎಂಬ ಹುದ್ದೆಗಳು ಮೂಡಿದವು. 2012ರ ಪೋಕ್ಸೊ ಕಾಯ್ದೆ, 2015ರ ಹೊಸ ಬಾಲ ನ್ಯಾಯ ಕಾಯ್ದೆ ಇನ್ನಷ್ಟು ಕೆಲಸ ಸೇರಿಸಿದವು. ಈಗ ಇವೆಲ್ಲ 'ಮಿಷನ್ ವಾತ್ಸಲ್ಯ'ದ ಹೆಸರಿನಡಿ ನಡೆಯುತ್ತಿವೆ.

ಮ್ಯಾನ್ಶಾರ್ಟ್ ಕಾಲದಲ್ಲಿ ಪದವಿ ಇತ್ತು, ಮಕ್ಕಳ ಕ್ಷೇತ್ರದಲ್ಲಿ ಸಾಕಷ್ಟು ಹುದ್ದೆ ಇರಲಿಲ್ಲ. ಈಗ ಹುದ್ದೆಗಳ ಹೆಸರುಗಳಿಗೆ ಕೊರತೆ ಇಲ್ಲ. ಆದರೆ ಅವುಗಳಲ್ಲಿ ಬಹುಪಾಲು ಗುತ್ತಿಗೆಯವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಂತೆ, ಕಾನೂನು ಕೊಟ್ಟ ಸ್ಥಾನವನ್ನು ಆಯವ್ಯಯದ ಪಟ್ಟಿ ತಾತ್ಕಾಲಿಕ ಮಾಡಿತು. ಗುತ್ತಿಗೆ ಮುಗಿದಾಗ, ಬೇರೆ ಕೆಲಸ ಸಿಕ್ಕಿದಾಗ ಸಮಾಲೋಚಕಿ ಹೊರಟುಹೋಗುತ್ತಾಳೆ. ಹೋಗುವುದು ಅವಳೊಬ್ಬಳೇ ಅಲ್ಲ. ತಿಂಗಳುಗಟ್ಟಲೆ ಮಾತಾಡದಿದ್ದ ಮಗು ಅವಳೊಡನೆ ಮಾತಾಡಲು ಕಲಿತಿದ್ದರೆ, ಆ ಮಾತೂ ಅವಳೊಂದಿಗೆ ಹೋಗುತ್ತದೆ. ಮನೆಯವರನ್ನು ಒಮ್ಮೆ ಕಳೆದುಕೊಂಡ ಮಗುವಿಗೆ ಇದು ಎರಡನೆಯ ಅಗಲಿಕೆ.

ಹತ್ತಿರವೇ ಉಳಿದವರು

ಪದವೀಧರನಾದವನು ಮಗುವಿನ ದಿನನಿತ್ಯದ ಬದುಕಿನಲ್ಲೇ ಇರಲು ಸಾಧ್ಯವೇ? ಸಾಧ್ಯ ಎಂಬುದಕ್ಕೆ ಹೊರದೇಶಗಳಲ್ಲಿ ಉದಾಹರಣೆಗಳಿವೆ. ಫ್ರಾನ್ಸಿನಲ್ಲಿ 1967ರಲ್ಲಿ 'ವಿಶೇಷ ಶಿಕ್ಷಕ' ಎಂಬ ವೃತ್ತಿಗೆ ಸರ್ಕಾರವೇ ಡಿಪ್ಲೊಮಾ ಸ್ಥಾಪಿಸಿತು. ಮೂರು ವರ್ಷ ಓದಿದ ಈ ಶಿಕ್ಷಕರು ಮಕ್ಕಳ ವಸತಿಗಳಲ್ಲಿ ಅವರೊಂದಿಗೆ ಊಟ, ಆಟ, ಜಗಳ, ಮಲಗುವ ಹೊತ್ತಿನ ಮಾತುಕತೆ ಎಲ್ಲದರಲ್ಲೂ ಪಾಲ್ಗೊಳ್ಳುತ್ತಾರೆ. ಜರ್ಮನಿ, ಡೆನ್ಮಾರ್ಕ್‌ಗಳಲ್ಲೂ ಇಂಥ ವೃತ್ತಿಗಳಿವೆ. ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಆದರೆ ಮಗುವನ್ನು ಎಬ್ಬಿಸುವುದು, ಮಲಗಿಸುವುದು ಸಹ ಓದಿ ಕಲಿಯಬೇಕಾದ ಕೆಲಸ ಎಂದು ಅವರು ಒಪ್ಪಿದ್ದಾರೆ.

ಇದಕ್ಕೂ ಹಿಂದಿನ ಒಂದು ಉದಾಹರಣೆಗೆ ಭಾರತದ ನಂಟಿದೆ. ಪೋಲೆಂಡಿನ ಯಾನುಷ್ ಕೋರ್ಚಾಕ್ ಮಕ್ಕಳ ವೈದ್ಯರಾಗಿದ್ದವರು, ಪ್ರಸಿದ್ಧ ಲೇಖಕರು. 1912ರಲ್ಲಿ ವಾರ್ಸಾದಲ್ಲಿ ಯಹೂದಿ ಅನಾಥ ಮಕ್ಕಳಿಗಾಗಿ ತೆರೆದ ಮನೆಯ ಹೊಣೆ ಹೊತ್ತು ಅಲ್ಲಿಯೇ ನೆಲೆಸಿದರು. ಬೆಲ್ಜಿಯಂನಲ್ಲಿ ಓದಿ ಬಂದಿದ್ದ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರ ಜೊತೆಗಾತಿ. ಮಕ್ಕಳದೇ ನ್ಯಾಯಾಲಯ, ಮಕ್ಕಳದೇ ಪತ್ರಿಕೆ ಅಲ್ಲಿತ್ತು. ನಾತ್ಸಿಗಳ ಕಾಲದಲ್ಲಿ ಘೆಟ್ಟೋದೊಳಗೆ ಕೂಡಿಹಾಕಲಾದ ಆ ಮಕ್ಕಳು 1942ರ ಜುಲೈನಲ್ಲಿ ರವೀಂದ್ರನಾಥ ಠಾಕೂರರ 'ಡಾಕ್‌ಘರ್' ನಾಟಕವನ್ನು ಆಡಿದರು. ಕಿಟಕಿಯ ಬಳಿ ಕೂತು ಹೊರಗಿನ ಲೋಕಕ್ಕೆ ಹಂಬಲಿಸುವ ರೋಗಿ ಬಾಲಕನ ಕಥೆ ಅದು. ಆಗಸ್ಟ್ ಮೊದಲ ವಾರದಲ್ಲಿ ಮಕ್ಕಳನ್ನು ಟ್ರೆಬ್ಲಿಂಕಾ ಶಿಬಿರಕ್ಕೆ ಒಯ್ದಾಗ ಕೋರ್ಚಾಕ್ ಮತ್ತು ಸ್ಟೆಫಾನಿಯಾ ಅವರನ್ನು ಬಿಟ್ಟು ಹೋಗಲಿಲ್ಲ. ಮಕ್ಕಳೊಂದಿಗೇ ಮಡಿದರು.

ಎಲ್ಲರಿಂದಲೂ ಇಂಥ ಬಲಿದಾನ ನಿರೀಕ್ಷಿಸುವುದು ಅನ್ಯಾಯ. ಮಕ್ಕಳ ಕೆಲಸವನ್ನು ಸಂತರಿಗೆ ಮಾತ್ರ ಬಿಟ್ಟುಕೊಟ್ಟರೆ ಸಂತರಿಲ್ಲದ ಊರಿನ ಮಕ್ಕಳ ಗತಿಯೇನು? ಪದವಿ, ಹುದ್ದೆ, ಸಂಬಳ, ಬಡ್ತಿ ಇವೆಲ್ಲ ಬೇಕಾದದ್ದು ಇದಕ್ಕಾಗಿಯೇ. ಸಾಮಾನ್ಯ ಮನುಷ್ಯ, ತನ್ನ ಸಂಸಾರವನ್ನೂ ಸಾಕಿಕೊಂಡು, ಬೇರೆಯವರ ಮಗುವಿನ ಬಳಿ ಹತ್ತು ವರ್ಷ ನೆಮ್ಮದಿಯಿಂದ ಉಳಿಯುವಂತಾಗಬೇಕು.

ನಮ್ಮ ವ್ಯವಸ್ಥೆಯಲ್ಲಿ ಉಳಿಯುವುದಕ್ಕೆ ಬಹುಮಾನವಿಲ್ಲ, ಏರುವುದಕ್ಕೆ ಮಾತ್ರ ಇದೆ. ಒಳ್ಳೆಯ ಆಪ್ತಸಮಾಲೋಚಕಿಗೆ ಸಿಗಬಹುದಾದ ಬಡ್ತಿ ಎಂದರೆ ಸಮಾಲೋಚನೆ ಬಿಟ್ಟು ಮೇಲ್ವಿಚಾರಣೆ ಮಾಡುವುದು. ಒಳ್ಳೆಯ ಗೃಹಮಾತೆಗೆ ಅದೂ ಇಲ್ಲ. 2015ರ ಕಾಯ್ದೆ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಿಗೆ ಸಂಬಂಧಪಟ್ಟ ಪದವಿಯೊಂದಿಗೆ ಏಳು ವರ್ಷಗಳ ಕ್ಷೇತ್ರಾನುಭವವನ್ನೋ ವೃತ್ತಿಯನ್ನೋ ಕೇಳುತ್ತದೆ. ಮಗುವಿನ ಭವಿಷ್ಯ ತೀರ್ಮಾನಿಸುವವರಿಗೆ ಅನುಭವ ಬೇಕು ಎಂಬುದು ಸರಿಯೇ. ಮಗುವಿನೊಂದಿಗೆ ಬದುಕುವವರ ಏಳು ವರ್ಷಗಳ ಅನುಭವಕ್ಕೂ ಅಷ್ಟೇ ಬೆಲೆ ಕಟ್ಟುವ ದಿನ ಇನ್ನೂ ಬರಬೇಕಾಗಿದೆ.

ಅಪ್ರೆಂಟಿಸ್ ಕಾಯ್ದೆಯಿಂದ ವಾತ್ಸಲ್ಯದವರೆಗೆ 170 ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಶಿಕ್ಷೆಯಿಂದ ಸುಧಾರಣೆಗೆ, ಸುಧಾರಣೆಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಹಕ್ಕಿಗೆ ಕಾನೂನಿನ ಭಾಷೆ ಬೆಳೆದಿದೆ. ರೈಲು ನಿಲ್ದಾಣದಲ್ಲಿ ಸಿಕ್ಕ ಹುಡುಗನಿಗೆ ಈಗ ಜೈಲಿಲ್ಲ, ವರದಿಯಿದೆ, ವೈಯಕ್ತಿಕ ಪಾಲನಾ ಯೋಜನೆಯಿದೆ. ಇವೆಲ್ಲ ದೊಡ್ಡ ಗಳಿಕೆಗಳೇ. ಆದರೆ ಹುಡುಗನಿಗೆ ತನ್ನ ಕಡತ ಎಷ್ಟು ದಪ್ಪವಾಗಿದೆ ಎಂಬುದು ತಿಳಿಯದು. ಅವನಿಗೆ ತಿಳಿಯುವುದು ಒಂದೇ: ನಿನ್ನೆ ರಾತ್ರಿ ಬಳಿಗೆ ಬಂದವರು ನಾಳೆಯೂ ಇರುತ್ತಾರೋ ಇಲ್ಲವೋ ಎಂಬುದು.